ಹುಡುಕಿ ಬದಲಿಸುವ ಮುನ್ನ

ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕಯಂತ್ರ ದೂರದ ಮಾತೆಂದು ಭಾವಿಸುವ ಹೆತ್ತವರು ಈಗಲೂ ಇದ್ದಾರೆ. ಈ ಭಾವನೆಯನ್ನು ನಾವು ಒಪ್ಪಲಾರೆವು. ಕೇರಳದ ಹೈಸ್ಕೂಲುಗಳ ಗಣಕಯಂತ್ರಗಳಲ್ಲಿ ಲಿನಕ್ಸ್ ಇರುವುದರಿಂದ ‘ಸೆಡ್’ ಎಂಬ ಉಪಕರಣ ನಮ್ಮ ಮಕ್ಕಳ ಕೈಗೆ ಎಟಕುವಲ್ಲಿಯೇ ಇದೆ. ಅದನ್ನು ಕನ್ನಡ ಬರಹದ ಮೇಲೆ ಸರಿಯಾಗಿ ನಡೆಸಬೇಕಾದರೆ ಇಂಗ್ಲಿಷಿಗಿಂತ ಹೆಚ್ಚಾಗಿ ಕನ್ನಡ ವ್ಯಾಕರಣ ತಿಳಿದಿರಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಲೀ ಮೆಕ್‌ಮಹೋನ್ ಎಂಬವರು 1973-74ರಲ್ಲಿ ಇದನ್ನು ರಚಿಸಿದರು. ಕಡತವನ್ನು ತೆರೆಯದೆಯೇ, ಒಂದೇ ಸಾಲಿನ ಆಜ್ಞೆಯಿಂದ ಅದರೊಳಗಿನ ಪದವನ್ನು ಬದಲಿಸಬಹುದು. ಎಸ್ ಅಕ್ಷರ, ಓರೆಗೆರೆ, ಹಳೆಯ ಪದ, ಓರೆಗೆರೆ, ಹೊಸ ಪದ, ಓರೆಗೆರೆ, ಕೊನೆಗೆ ಜಿ ಅಕ್ಷರ, ಆಜ್ಞೆ ಇಷ್ಟೇ. ಜಿ ಬಿಟ್ಟುಹೋದರೆ ಪ್ರತಿ ಸಾಲಿನಲ್ಲಿ ಮೊದಲು ಬಂದ ಪದ ಮಾತ್ರ ಬದಲಾಗುತ್ತದೆ.

ಆದರೆ ಸೆಡ್‌ಗೆ ಅರ್ಥ ತಿಳಿಯದು. ‘ಮರ’ವನ್ನು ‘ಗಿಡ’ ಮಾಡೆಂದರೆ ‘ಸಮರ’ವು ‘ಸಗಿಡ’ವಾಗುತ್ತದೆ, ‘ಮರೆತನು’ ಎಂಬುದು ‘ಗಿಡೆತನು’ ಆಗುತ್ತದೆ! ಯಂತ್ರದೊಳಗೆ ಅಕ್ಷರಕ್ಕೊಂದು, ಸ್ವರಚಿಹ್ನೆಗೊಂದು ಸಂಕೇತ ಬೇರೆಬೇರೆಯಾಗಿರುವುದೇ ಇದಕ್ಕೆ ಕಾರಣ. ಇನ್ನೊಂದೆಡೆ ‘ಕಾಸರಗೋಡು’ ಎಂದು ಹುಡುಕಿದರೆ ‘ಕಾಸರಗೋಡಿನಲ್ಲಿ’ ಸಿಗುವುದಿಲ್ಲ; ಕೊನೆಯ ಉಕಾರ ಲೋಪವಾಗಿದೆಯಲ್ಲ! ‘ಕಾಸರಗೋಡ’ ಎಂದು ಹುಡುಕಿದರೆ ಎರಡೂ ಸಿಗುತ್ತವೆ. ಸಂಧಿಪಾಠದಿಂದ ಏನು ಪ್ರಯೋಜನವೆಂದು ಕೇಳುವ ಹುಡುಗರು ಇದನ್ನೊಮ್ಮೆ ಮಾಡಿ ನೋಡಲಿ.

ಇವು ನಕ್ಕು ತಿದ್ದಿಕೊಳ್ಳಬಹುದಾದ ತಪ್ಪುಗಳು. ಕಣ್ಣಿಗೆ ಕಾಣದ ತಪ್ಪು ಬೇರೆಯೇ ಇದೆ. ಶಾಲೆಗಳ ಹಳೆಯ ವಾರ್ಷಿಕ ಸಂಚಿಕೆಗಳನ್ನು ಬೆರಳಚ್ಚು ಮಾಡಿ ಗಣಕಯಂತ್ರದಲ್ಲಿ ಉಳಿಸುವುದು ಒಳ್ಳೆಯ ಕೆಲಸವೇ. 1956ರ ನವೆಂಬರ್ 1ಕ್ಕೆ ಮೊದಲು ಈ ನಾಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1957ರ ಜನವರಿಯಿಂದ ಕಣ್ಣೂರು ಜಿಲ್ಲೆಯಲ್ಲಿತ್ತು. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಹಳೆಯ ಲೇಖನಗಳ ‘ಕಣ್ಣೂರು ಜಿಲ್ಲೆ’ಯನ್ನು ಈಗಿನ ಹೆಸರಿಗೆ ಒಮ್ಮೆಲೇ ಬದಲಿಸಿಬಿಟ್ಟರೆ, 1975ರಲ್ಲಿ ಬರೆದವರ ಬಾಯಲ್ಲಿ ಆಗ ಇಲ್ಲದ ಜಿಲ್ಲೆಯ ಹೆಸರನ್ನು ತುರುಕಿದಂತಾಗುತ್ತದೆ. ಕಾಗುಣಿತ ಸರಿ, ವಾಕ್ಯವೂ ಸರಿ, ಇತಿಹಾಸ ಮಾತ್ರ ಸುಳ್ಳು. ಮುಂದೆ ಓದುವವರಿಗೆ ಸಂಶಯವೂ ಬಾರದು.

ಆದುದರಿಂದ ಈ ಪಾಠವನ್ನು ಕನ್ನಡದ ತರಗತಿಯಲ್ಲಿಯೂ ಹೇಳಿಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಆಜ್ಞೆಗೆ ‘ಐ’ ಎಂಬ ಆಯ್ಕೆ ಸೇರಿಸಿದರೆ ಮೂಲ ಕಡತವೇ ಬದಲಾಗುತ್ತದೆ. ಸೇರಿಸದಿದ್ದರೆ ಬದಲಾದ ಪಾಠ ಪರದೆಯ ಮೇಲೆ ಮಾತ್ರ ಕಾಣುತ್ತದೆ. ಮಕ್ಕಳು ಮೊದಲು ಅದನ್ನು ಪರದೆಯಲ್ಲಿ ಸಾಲುಸಾಲಾಗಿ ಓದಲಿ, ಮೂಲದ ಒಂದು ಪ್ರತಿಯನ್ನು ಬೇರೆ ಇರಿಸಿಕೊಳ್ಳಲಿ, ‘ಐ’ ಸೇರಿಸುವುದು ಆಮೇಲೆ.