ತಿದ್ದಲು ಬಾರದ ಪಾಠ, ಮುಚ್ಚಿಹೋಗುವ ಆ್ಯಪ್

ಘಟಕ ಪರೀಕ್ಷೆ ಹತ್ತಿರ ಬಂತೆಂದರೆ ರಾಜ್ಯದ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಕೋರಿಕೆ: ‘ಎಂಟನೇ ತರಗತಿ ವಿಜ್ಞಾನದ ಪ್ರಶ್ನೆಪತ್ರಿಕೆ ಯಾರ ಹತ್ರ ಆದ್ರೂ ಇದ್ರೆ ಹಾಕಿ ಸರ್’. ಸ್ವಲ್ಪ ಹೊತ್ತಿನಲ್ಲೇ ಪಿಡಿಎಫ್‌ಗಳು ಬಂದು ಬೀಳುತ್ತವೆ. ಒಂದರ ತಲೆಯ ಮೇಲೆ ಬೇರಾವುದೋ ಜಿಲ್ಲೆಯ ಶಾಲೆಯ ಹೆಸರು. ಇನ್ನೊಂದು, ಮುದ್ರಿತ ಪುಟವನ್ನು ಮೊಬೈಲಿನಲ್ಲಿ ಫೋಟೊ ಹೊಡೆದದ್ದು. ಮೂಲೆಯಲ್ಲಿ ಹೆಬ್ಬೆರಳೂ ಬಂದಿದೆ. ಯಾರೋ ಪುಣ್ಯಾತ್ಮರು ವರ್ಡ್ ಫೈಲನ್ನೇ ಹಾಕಿದರು ಎನ್ನಿ, ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದ್ದರೆ ಫೋನಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಬದಲಿಸಬೇಕಾದದ್ದು ಒಂದೇ ಒಂದು ಪ್ರಶ್ನೆ, ಇನ್ನೂ ಮುಗಿಯದ ಪಾಠದ್ದು. ಅದಕ್ಕಾಗಿ ಮೇಷ್ಟ್ರು ಇಡೀ ಪತ್ರಿಕೆಯನ್ನು ಮತ್ತೆ ಟೈಪ್ ಮಾಡುತ್ತಾರೆ. ಇಲ್ಲವೇ ಬಂದದ್ದನ್ನೇ ಜೆರಾಕ್ಸ್ ಮಾಡಿಸಿ ಹಂಚುತ್ತಾರೆ.

ಉಚಿತ ಡಿಜಿಟಲ್ ಸಾಧನಗಳ ಬಗ್ಗೆ ಶಿಕ್ಷಕರಿಗೆ ಕೊಡುವ ತರಬೇತಿಗಳಲ್ಲಿ ಈ ಪೀಕಲಾಟದ ಪ್ರಸ್ತಾಪ ಬರುವುದೇ ಅಪರೂಪ. ಅಲ್ಲಿ ಹೊಸ ಆ್ಯಪ್‌ಗಳ ಪಟ್ಟಿ ಇರುತ್ತದೆ, ಡೌನ್‌ಲೋಡ್ ಮಾಡಿಸಿ ಹಾಜರಿ ಹಾಕಿಸಿಕೊಳ್ಳುವುದಿರುತ್ತದೆ. ಪುಕ್ಕಟೆ ಸಿಗುವುದಕ್ಕೆ ಬರ ಬಂದಿಲ್ಲ. ಸಿಕ್ಕಿದ್ದನ್ನು ತಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಿಕೊಳ್ಳಲು, ತಮ್ಮ ಬಳಿಯೇ ಇಟ್ಟುಕೊಳ್ಳಲು ಶಿಕ್ಷಕರಿಗೆ ಆಗುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇಟ್ಟುಕೊಳ್ಳುವ ವಿಚಾರವನ್ನೇ ಮೊದಲು ನೋಡಿ. ಎಡ್‌ಮೋಡೊ 2008ರಲ್ಲಿ ಶುರುವಾದ ತಾಣ. ಜಗತ್ತಿನಾದ್ಯಂತ ಶಿಕ್ಷಕರು ಅದರಲ್ಲಿ ಪಾಠ, ಹೋಂವರ್ಕ್, ಕ್ವಿಜ್‌ಗಳನ್ನು ವರ್ಷಗಟ್ಟಲೆ ಪೇರಿಸಿಟ್ಟಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಅದು ಬಾಗಿಲು ಹಾಕಿತು. ಕೋವಿಡ್ ಕಾಲದ ಆನ್‌ಲೈನ್ ತರಗತಿಗಳಲ್ಲಿ ಕರಿಹಲಗೆಯ ಕೆಲಸ ಮಾಡಿದ ಗೂಗಲ್‌ನ ಜಾಮ್‌ಬೋರ್ಡ್ 2024ರ ಕೊನೆಗೆ ನಿಂತುಹೋಯಿತು. ಕಂಪನಿಗಳನ್ನು ದೂರಿ ಫಲವಿಲ್ಲ. ಅವರ ಅಂಗಡಿ, ಅವರ ಲೆಕ್ಕ. ಆದರೆ ಅಲ್ಲಿ ಕರಗಿಹೋದದ್ದು ಶಿಕ್ಷಕರು ಮನೆಗೆಲಸ ಮುಗಿಸಿ ರಾತ್ರಿ ಕುಳಿತು ಮಾಡಿದ ದುಡಿಮೆ. ಅದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣುವುದಿಲ್ಲ.

ಜಿಯೋಜೀಬ್ರಾದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಮಾರ್ಕುಸ್ ಹೋಹೆನ್‌ವಾರ್ಟರ್ ಈ ಗಣಿತ ತಂತ್ರಾಂಶವನ್ನು ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಕಟ್ಟಿದ್ದರು. ತ್ರಿಭುಜದ ಒಂದು ಶೃಂಗವನ್ನು ಮೌಸಿನಿಂದ ಹಿಡಿದು ಎತ್ತ ಎಳೆದರೂ ಮೂರು ಕೋನಗಳ ಅಳತೆ ಬದಲಾಗುತ್ತ ಹೋಗುತ್ತದೆ, ಮೊತ್ತ ಮಾತ್ರ 180ರಲ್ಲೇ ನಿಂತಿರುತ್ತದೆ. ಪ್ರಮೇಯ ಬಾಯಿಪಾಠ ಮಾಡಿದ ಹುಡುಗನೂ ಅದನ್ನು ನಂಬುವುದು ಹೀಗೆ ಎಳೆದಾಡಿದ ಮೇಲೆಯೇ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೈಜೂಸ್ ಇದನ್ನು ಕೊಂಡಿತು. 2024ರ ಜುಲೈನಲ್ಲಿ ಬೈಜೂಸ್ ಸ್ವತಃ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ಒಡೆಯನ ಮನೆಯಲ್ಲಿ ಇಷ್ಟೆಲ್ಲ ರಾದ್ಧಾಂತ ನಡೆದರೂ ನಮ್ಮ ಗಣಿತ ಶಿಕ್ಷಕರು ನಡುಗಬೇಕಾಗಲಿಲ್ಲ. ಏಕೆಂದರೆ ತಂತ್ರಾಂಶ ಶಾಲೆಯ ಕಂಪ್ಯೂಟರಿನಲ್ಲೇ ಕೂತಿದೆ, ಇಂಟರ್‌ನೆಟ್ ಬೇಡುವುದಿಲ್ಲ, ಮಾಡಿದ ಚಿತ್ರಗಳು ಪೆನ್‌ಡ್ರೈವ್‌ನಲ್ಲಿವೆ.

ಇಂಥದೇ ಇನ್ನೊಂದು ಸಾಧನ ಫೆಟ್, ವಿಜ್ಞಾನದ ಪ್ರಯೋಗಗಳನ್ನು ತೆರೆಯ ಮೇಲೆ ಮಾಡಿನೋಡುವ ಸಿಮ್ಯುಲೇಶನ್‌ಗಳ ಸಂಗ್ರಹ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಸಿಮ್ಯುಲೇಶನ್‌ಗಳಲ್ಲಿ ಹಲವು ಕನ್ನಡದಲ್ಲೂ ಇವೆ. ವಿದ್ಯುತ್ ಮಂಡಲದ ಪಾಠಕ್ಕೆ ತೆರೆಯ ಮೇಲೆ ಬ್ಯಾಟರಿ, ಬಲ್ಬು, ತಂತಿಗಳನ್ನು ಜೋಡಿಸಬಹುದು. ಬಲ್ಬನ್ನು ಬಿಟ್ಟು ತಂತಿಯನ್ನು ನೇರ ಬ್ಯಾಟರಿಯ ಎರಡು ತುದಿಗೆ ಸೇರಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಮಕ್ಕಳು ಬೇಕೆಂದೇ ಮತ್ತೆ ಮತ್ತೆ ಬೆಂಕಿ ಹಚ್ಚುತ್ತಾರೆ. ಶಾರ್ಟ್ ಸರ್ಕ್ಯೂಟ್ ಎಂದರೇನು ಎಂದು ಆಮೇಲೆ ಯಾರೂ ವಿವರಿಸಬೇಕಿಲ್ಲ. ಪ್ರತಿ ಸಿಮ್ಯುಲೇಶನ್ ಒಂದು ಫೈಲ್. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ದೇಶದಲ್ಲಿ ಇಂಟರ್‌ನೆಟ್ ಇದ್ದ ಶಾಲೆಗಳು 2023–24ರಲ್ಲಿ ಶೇ 53.9 ಮಾತ್ರ ಎಂದು ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ವರದಿಯೇ ಹೇಳಿರುವಾಗ ಇದು ಸಣ್ಣ ಸಂಗತಿಯಲ್ಲ.

ತಿದ್ದಿಕೊಳ್ಳುವ ವಿಚಾರದಲ್ಲಿ ಕರ್ನಾಟಕ ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಶುರುವಾದಾಗ, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿಬಂದ ಶಿಕ್ಷಕರೇ ಕುಳಿತು ಕಲಿಕಾ ಕಾರ್ಡುಗಳನ್ನು ರೂಪಿಸಿದ್ದರು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು (ಡಿಎಸ್‌ಇಆರ್‌ಟಿ) ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ 2013ರ ಹೊತ್ತಿಗೆ ತಂದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣದಲ್ಲೂ ಅದೇ ಗುಣವಿತ್ತು: ವಿಕಿಪೀಡಿಯದ ಹಾಗೆ ಶಿಕ್ಷಕರೇ ಬರೆದು, ಶಿಕ್ಷಕರೇ ತಿದ್ದುವ ಜಾಗ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಯನ್ನು ಓದುವುದಷ್ಟೇ ಅಲ್ಲ, ಅನುವಾದಿಸಬಹುದು, ಮೂರನೇ ತರಗತಿಗೆ ಉದ್ದವೆನಿಸಿದರೆ ಮೊಟಕು ಮಾಡಬಹುದು, ಮುದ್ರಿಸಿ ಹಂಚಬಹುದು. ಯಾರ ಅಪ್ಪಣೆಯೂ ಬೇಡ.

ಆದರೆ ಸರ್ಕಾರಗಳ ಒಲವು ಬೇರೆ ಕಡೆ ಹೊರಳಿತು. 2017ರ ಶಿಕ್ಷಕರ ದಿನದಂದು ಬಂದ ಕೇಂದ್ರದ ದೀಕ್ಷಾ ವೇದಿಕೆ ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿತು. ಸ್ಕ್ಯಾನ್ ಮಾಡಿದರೆ ವಿಡಿಯೊ. ಉಪಯೋಗವಿಲ್ಲ ಎನ್ನಲಾಗದು, ಶಾಲೆ ಮುಚ್ಚಿದ್ದ ದಿನಗಳಲ್ಲಿ ಅನೇಕರಿಗೆ ಆಸರೆಯಾಯಿತು. ಆದರೆ ವಿಡಿಯೊವನ್ನು ನೋಡಬಹುದು, ನಿಲ್ಲಿಸಬಹುದು. ಕಲಬುರಗಿಯ ಮಕ್ಕಳಿಗೆ ಒಗ್ಗದ ಉದಾಹರಣೆ ಅದರಲ್ಲಿದ್ದರೆ ಅಲ್ಲಿನ ಶಿಕ್ಷಕಿ ಅದನ್ನು ಬದಲಿಸಲಾರರು. ಪಾಠ ಕಟ್ಟಬೇಕಾದವರು ಇಲ್ಲಿ ಪರದೆ ಹಚ್ಚಿಕೊಡುವವರಾದರು.

ಪುಕ್ಕಟೆ ಸಿಕ್ಕಿದ್ದರ ಬೆಲೆಯನ್ನೂ ಬೇರೆ ರೀತಿಯಲ್ಲಿ ತೆತ್ತಿದ್ದೇವೆ. ಉಚಿತ ಆ್ಯಪ್ ಮೊದಲು ಕೇಳುವುದು ಹೆಸರು, ಫೋನ್ ನಂಬರು, ಶಾಲೆ. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಮತ್ತು ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ದೀಕ್ಷಾದ ಸರ್ವರಿನಲ್ಲಿ ಬೀಗವಿಲ್ಲದೆ ಬಿದ್ದಿತ್ತೆಂದು 2023ರ ಜನವರಿಯಲ್ಲಿ ವೈರ್ಡ್ ಪತ್ರಿಕೆ ವರದಿ ಮಾಡಿತು. 49 ದೇಶಗಳ ಶೈಕ್ಷಣಿಕ ಆ್ಯಪ್‌ಗಳನ್ನು ಪರಿಶೀಲಿಸಿದ ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ, ಅವುಗಳಲ್ಲಿ ಶೇ 89ರಷ್ಟು ಮಕ್ಕಳ ಹಕ್ಕುಗಳಿಗೆ ಕುತ್ತು ತರುವಂತೆ ಮಾಹಿತಿ ಬಳಸುತ್ತಿವೆ ಎಂದಿತ್ತು. ಫೆಟ್ ತೆರೆಯಲು ಮಗುವಿನ ಹೆಸರು ಹೇಳಬೇಕಾಗಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಬೇರೆ ದಾರಿಯೂ ಇದೆ. ಕೇರಳದವರು 2001ರಲ್ಲೇ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಕ್ರಮೇಣ ಶಾಲೆಗಳ ಕಂಪ್ಯೂಟರುಗಳನ್ನೆಲ್ಲ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶಕ್ಕೆ ಒಗ್ಗಿಸಿದರು. ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿದರು. ಸರ್ಕಾರ ಬದಲಾದಾಗಲೆಲ್ಲ ಯೋಜನೆಗೆ ಹೊಸ ಹೆಸರಿಡುವ ಚಟ ನಮ್ಮಲ್ಲಿ ಸ್ವಲ್ಪ ಕಡಿಮೆಯಾದರೆ ಇಲ್ಲೂ ಅದು ಸಾಧ್ಯ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಈಗಾಗಲೇ ಇವೆ. ಅಲ್ಲಿ ಸುತ್ತೋಲೆ ಓದುವುದನ್ನು ಕಡಿಮೆ ಮಾಡಿ, ಒಂದು ಪಾಠದ ಅಭ್ಯಾಸಹಾಳೆಯನ್ನು ಎಲ್ಲರೂ ಸೇರಿ ಸಿದ್ಧಪಡಿಸುವ ಕೆಲಸಕ್ಕೆ ಸಮಯ ಕೊಡಬಹುದು. ಆ ಹೊತ್ತನ್ನು ತರಬೇತಿಯ ಲೆಕ್ಕಕ್ಕೆ ಹಿಡಿಯಬಹುದು.

ಅದಕ್ಕೂ ಮೊದಲು ಆಗಬೇಕಾದದ್ದು ಕರ್ನಾಟಕ ಪಠ್ಯಪುಸ್ತಕ ಸಂಘದ ಮಟ್ಟದಲ್ಲಿದೆ. ಸಂಘದ ಜಾಲತಾಣದಲ್ಲಿ ಪುಸ್ತಕಗಳ ಪಿಡಿಎಫ್ ಎಲ್ಲರಿಗೂ ಉಚಿತ. ಆದರೆ ಪಾಠದ ಒಂದು ಪ್ಯಾರಾವನ್ನು ನಕಲಿಸಿ ಅಭ್ಯಾಸಹಾಳೆಗೆ ಹಾಕಲು ಹೋದರೆ ಅನೇಕ ಪುಸ್ತಕಗಳಲ್ಲಿ ಅಕ್ಷರಗಳು ಕಲಸಿಹೋಗಿ ಬರುತ್ತವೆ. ಅಚ್ಚಿಗೆ ಹೋಗುವ ಮುನ್ನ ಪ್ರತಿ ಪುಸ್ತಕವೂ ಯಾರದೋ ಕಂಪ್ಯೂಟರಿನಲ್ಲಿ ಫೈಲಾಗಿ ಇದ್ದೇ ಇರುತ್ತದೆ. ಅದನ್ನು ಯೂನಿಕೋಡ್‌ಗೆ ತಂದು, ತಿದ್ದಲು ಬರುವ ರೂಪದಲ್ಲಿ, ಪಿಡಿಎಫ್‌ನ ಪಕ್ಕದಲ್ಲೇ ಇನ್ನೊಂದು ಕೊಂಡಿಯಾಗಿ ಹಾಕಿದರೆ ಸಾಕು. ಇದಕ್ಕೆ ಹೊಸ ಆ್ಯಪ್ ಬೇಡ, ಟೆಂಡರೂ ಬೇಡ.