ಪುರಾವೆ ಕೇಳುವುದಾದರೆ ಮೊದಲು ಫಾರ್ವರ್ಡಿಗೆ ಕೇಳಿ

'ಒಂದು ಕೂದಲಿಗೆ ಇಷ್ಟೊಂದು ಗೌರವವೇ?' ವಿಜಯಪುರದ ಆಸಾರ್ ಮಹಲಿನ ಮಾತು ಬಂದಾಗ ಹೀಗೆ ಕೇಳಿ ನಗುವವರಿದ್ದಾರೆ. ಕೇಳಲಿ, ತಪ್ಪಿಲ್ಲ. ಆದರೆ ನಗುವ ಮೊದಲು ಆ ಕೂದಲಿನ ಕತೆಯನ್ನೂ ಪೂರ್ತಿ ಕೇಳಬೇಕು ಎನ್ನುವುದು ನಮ್ಮ ತಕರಾರು.

ಆಸಾರ್ ಎಂದರೆ ಕುರುಹು. ಸುಮಾರು 1646ರಲ್ಲಿ ಮೊಹಮ್ಮದ್ ಆದಿಲ್‌ಶಾಹ ಈ ಕಟ್ಟಡವನ್ನು ನ್ಯಾಯ ಹೇಳುವುದಕ್ಕೆಂದು ಕಟ್ಟಿಸಿದ. ಮುಂದೆ ಪ್ರವಾದಿ ಮುಹಮ್ಮದರ ಗಡ್ಡದ ಕೇಶವೆಂದು ನಂಬಲಾದ ಕುರುಹನ್ನು ಇಲ್ಲಿಟ್ಟರು. ಕಾಶ್ಮೀರದ ಹಜರತ್‌ಬಲ್ ದರ್ಗಾದಲ್ಲಿರುವ ಕೇಶಕ್ಕೂ ನಮ್ಮ ಬಿಜಾಪುರಕ್ಕೂ ನಂಟಿದೆ. ಸೈಯದ್ ಅಬ್ದುಲ್ಲಾ ಎಂಬವರು ಅದನ್ನು ಮದೀನಾದಿಂದ 1635ರಲ್ಲಿ ಬಿಜಾಪುರಕ್ಕೆ ತಂದರು, 1686ರಲ್ಲಿ ಆದಿಲ್‌ಶಾಹಿ ಬಿದ್ದ ಮೇಲೆ ಅದು ಕಾಶ್ಮೀರಿ ವ್ಯಾಪಾರಿಯೊಬ್ಬರ ಕೈಸೇರಿ ಉತ್ತರಕ್ಕೆ ಹೋಯಿತು ಎಂದು ಅಲ್ಲಿನ ಪರಂಪರೆ ಹೇಳುತ್ತದೆ.

ಮುಸ್ಲಿಮರೆಲ್ಲರೂ ಇದನ್ನು ಒಪ್ಪುತ್ತಾರೆ ಎಂದುಕೊಳ್ಳಬೇಡಿ. ದೇವರಿಗೆ ಮಾತ್ರ ಸಲ್ಲಬೇಕಾದದ್ದು ವಸ್ತುವಿಗೆ ಸಂದೀತು ಎಂದು ವಿರೋಧಿಸುವವರು ಅವರಲ್ಲೇ ಇದ್ದಾರೆ. ಹಜ್‌ನಲ್ಲಿ ತಲೆ ಬೋಳಿಸಿದಾಗ ಪ್ರವಾದಿಯವರ ಕೇಶವನ್ನು ಸಂಗಾತಿಗಳಿಗೆ ಹಂಚಿದ್ದು ಹದೀಸಿನಲ್ಲೇ ಇದೆ, ನಾವು ಪೂಜಿಸುವುದಿಲ್ಲ, ಪ್ರೀತಿಯಿಂದ ನೆನೆಯುತ್ತೇವೆ ಎನ್ನುವುದು ಗೌರವಿಸುವವರ ಉತ್ತರ. ಆ ವಾದ ಅವರ ಮನೆಯೊಳಗಿನದು, ಅವರೇ ಮಾಡಿಕೊಳ್ಳಲಿ. ಮಠದಲ್ಲಿ ಗುರುಗಳ ಪಾದುಕೆಗೆ ಹಣೆ ಹಚ್ಚುವ ನಮಗೆ, ಮೊಹರಂನಲ್ಲಿ ಪಂಜಾಕ್ಕೆ ಸಕ್ಕರೆ ಓದಿಸುವ ನಮಗೆ ಈ ಪ್ರೀತಿ ಅರ್ಥವಾಗದ್ದೇನಲ್ಲ.

ನಿಜವಾದ ಪಾಠ ಇರುವುದು 1963ರಲ್ಲಿ. ಆ ವರ್ಷ ಡಿಸೆಂಬರ್ 27ರ ಬೆಳಿಗ್ಗೆ ಹಜರತ್‌ಬಲ್‌ನ ಕೇಶ ಕಳುವಾದದ್ದು ಗೊತ್ತಾಯಿತು. ಕೊರೆಯುವ ಚಳಿಯಲ್ಲಿ ಶ್ರೀನಗರದ ಬೀದಿಗಳು ಜನರಿಂದ ತುಂಬಿದವು. ಆ ಮೆರವಣಿಗೆಗಳಲ್ಲಿ ಮುಸ್ಲಿಮರ ಜೊತೆ ಪಂಡಿತರೂ ಸಿಖ್ಖರೂ ನಡೆದರು. ಜನರ ಸಿಟ್ಟು ಸರ್ಕಾರದ ಮೇಲಿತ್ತು, ನೆರೆಯವರ ಮೇಲಿರಲಿಲ್ಲ. 1964ರ ಜನವರಿ 4ರಂದು ಕೇಶ ಸಿಕ್ಕಿತು. ಫೆಬ್ರವರಿ 3ರಂದು ಮೀರಕ್ ಶಾಹ್ ಕಾಶಾನಿ ಮತ್ತಿತರ ಹಿರಿಯರು ನೋಡಿ, ಅದೇ ಹೌದು ಎಂದರು.

ಆದರೆ ಸಾವಿರಾರು ಕಿಲೋಮೀಟರ್ ದೂರದ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, 'ಹಿಂದೂಗಳು ಕದ್ದರು' ಎಂಬ ಸುದ್ದಿ ಹಬ್ಬಿತು. ಖುಲ್ನಾದಲ್ಲಿ ಶುರುವಾದ ದಾಳಿ ಢಾಕಾ, ನಾರಾಯಣಗಂಜ್‌ಗೆ ಹರಡಿತು. ಕದ್ದವರ್‍ಯಾರೆಂದೂ ತಿಳಿಯದ ಬಡ ಹಿಂದೂಗಳು ಸತ್ತರು. ಸೇಡಿನ ಬೆಂಕಿ ಕಲ್ಕತ್ತೆಗೆ ಬಂತು, ಅಲ್ಲಿ ಬಡ ಮುಸ್ಲಿಮರು ಸತ್ತರು. ಕೇಶ ಸಿಕ್ಕಿದೆ ಎಂದು ರೇಡಿಯೋ ಹೇಳಿದ ಮೇಲೂ ಕೊಲೆ ನಿಲ್ಲಲಿಲ್ಲ. ಅಂದಮೇಲೆ ಕೊಂದವರಿಗೆ ಬೇಕಾಗಿದ್ದದ್ದು ಕೇಶವೇ? ನೆರೆಯವನ ಅಂಗಡಿ, ಹೊಲ, ಮನೆಯೇ?

ಕೇಶದ ಮೇಲೆ ಅತಿ ಹೆಚ್ಚು ಭಕ್ತಿಯಿದ್ದ ಕಾಶ್ಮೀರದಲ್ಲಿ ನೆರೆಯವರ ಮೇಲೆ ಕೈ ಏಳಲಿಲ್ಲ. ಅದನ್ನು ಕಣ್ಣಿಂದಲೂ ನೋಡದವರ ಊರಲ್ಲಿ ರಕ್ತ ಹರಿಯಿತು. ಹಾಗಾಗಿ 'ಇಂಥ ಭಕ್ತಿಯೇ ಗಲಭೆಗೆ ಮೂಲ' ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. 'ಭಕ್ತಿಗೆ ನೋವಾಯಿತು, ಅದಕ್ಕೇ ಹೊಡೆದೆವು' ಎನ್ನುವವರ ಮಾತನ್ನಂತೂ ಒಪ್ಪುವುದೇ ಇಲ್ಲ, ಅವರು ಯಾವ ಧರ್ಮದವರಾಗಿದ್ದರೂ ಸರಿ.

ಆಗ ಗಾಳಿಸುದ್ದಿ ಊರಿಂದೂರಿಗೆ ಹೋಗಲು ದಿನಗಳು ಬೇಕಿದ್ದವು. ಈಗ ನಮ್ಮ ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ನಿಮಿಷ ಸಾಕು. ಗುಡಿಯಲ್ಲಿ ಹೀಗಾಯಿತಂತೆ, ದರ್ಗಾದಲ್ಲಿ ಹಾಗಾಯಿತಂತೆ ಎಂಬ ಮೆಸೇಜು ಬಂದಾಗ ಯಾರು ಹೇಳಿದರು, ಎಲ್ಲಿ ಆಯಿತು, ಯಾವಾಗ ಆಯಿತು ಎಂದು ಕೇಳಿ. ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ. ಪಕ್ಕದ ಮನೆಯವರ ನಂಬಿಕೆಗೆ ಪುರಾವೆ ಕೇಳುವಷ್ಟು ಜೋರಾಗಿ ಆ ಮೆಸೇಜಿಗೂ ಪುರಾವೆ ಕೇಳಿದರೆ ಸಾಕು, ಊರು ಉಳಿಯುತ್ತದೆ.