ಮೀನಿಗಿಂತ ಮುಂಚೆ ಬಂದ ಕಾಯಿದೆ

ಅತಿಥಿ ಬಂದ ಮೇಲೆ ಎಲೆ ಹಾಕುವುದು ಲೋಕದ ರೂಢಿ. ಎಲೆ ಹಾಕಿ, ಬಾಗಿಲಿನಲ್ಲಿ ಕಾವಲಿರಿಸಿ, 28 ವರ್ಷಗಳ ಕಾಲ ಅತಿಥಿಯ ಹಾದಿ ಕಾಯ್ದ ಆತಿಥೇಯನ ಉದಾಹರಣೆ ಬೇಕೆನ್ನುವವರು ನೀಲಗಿರಿಯ ಚರಿತ್ರೆಯ ಪುಟಗಳನ್ನು ತಿರುವಬೇಕು. ಅಲ್ಲಿ ಆತಿಥೇಯನಾಗಿ ನಿಂತದ್ದು ಮದರಾಸಿನ ಆಂಗ್ಲ ಸರಕಾರ. ಬರಬೇಕಾಗಿದ್ದ ಅತಿಥಿ ಟ್ರೌಟ್ ಎಂಬ ತಣ್ಣೀರಿನ ಮೀನು.

ಮದರಾಸು ಸರಕಾರದ 1879ನೆಯ ಇಸವಿಯ ಎರಡನೆಯ ಕಾಯಿದೆಯ ಹೆಸರು ನೀಲಗಿರಿಯ ಬೇಟೆಪ್ರಾಣಿ ಮತ್ತು ಮತ್ಸ್ಯ ಸಂರಕ್ಷಣ ಕಾಯಿದೆ. ಅದಕ್ಕೆ ಎರಡು ವರ್ಷ ಮೊದಲು, 1877ರಲ್ಲಿ, ಬೇಟೆಗಾರರೇ ಕೂಡಿ ನೀಲಗಿರಿ ಗೇಮ್ ಅಸೋಸಿಯೇಷನ್ನನ್ನು ಸ್ಥಾಪಿಸಿದ್ದರು. ಬಂದೂಕಿನ ಹಾವಳಿಯಿಂದ ಬೆಟ್ಟಗಳು ಬರಿದಾಗುತ್ತಿವೆಯೆಂಬುದು ಬಂದೂಕು ಹಿಡಿದವರ ಅರಿವಿಗೇ ಬಂದಿದ್ದ ಕಾಲವದು. ಕಾಡುಕೋಣ, ಕಡವೆ, ಜಿಂಕೆ, ಮೊಲ, ನವಿಲು, ಕಾಡುಕೋಳಿ ಮೊದಲಾದವನ್ನು ಕಾಯಿದೆ ಹೆಸರು ಹಿಡಿದು ಎಣಿಸಿತು. ವರ್ಷದ ನಿಗದಿಯಾದ ತಿಂಗಳುಗಳಲ್ಲಿ ಅವುಗಳ ಬೇಟೆಯನ್ನು ನಿಷೇಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಮೀನಿನ ವಿಷಯಕ್ಕೆ ಬಂದಾಗ ಮಾತ್ರ ಕಾಯಿದೆಯ ಪೀಠಿಕೆ ಒಂದು ವಿಶೇಷಣವನ್ನು ಸೇರಿಸಿಕೊಂಡಿತು. ಅದು ಕಾಯಹೊರಟದ್ದು ಎಲ್ಲ ಮೀನುಗಳನ್ನಲ್ಲ, 'ಹವೆಗೆ ಒಗ್ಗಿಸಿದ' ಮೀನುಗಳನ್ನು. ಎಂದರೆ ಬೇರೆಡೆಯಿಂದ ತಂದು ಇಲ್ಲಿನ ನೀರಿಗೆ ಬಿಟ್ಟವನ್ನು. ಹಳ್ಳದಲ್ಲಿ ತಲೆತಲಾಂತರದಿಂದ ಈಜಿಕೊಂಡಿದ್ದ ನಾಡಮೀನಿಗೆ ಅದರ ನೆರಳಿನಲ್ಲಿ ಜಾಗವಿರಲಿಲ್ಲ. ಈ ಒಂದು ವಿಶೇಷಣದಲ್ಲಿ ಆ ಕಾಲದ ಸಂರಕ್ಷಣೆಯ ಒಳಗುಟ್ಟೆಲ್ಲ ಅಡಗಿದೆ.

ಉದಕಮಂಡಲದ ಚಳಿ, ಮಂಜು, ಹುಲ್ಲುಗಾವಲುಗಳು ಇಂಗ್ಲೆಂಡಿನವರಿಗೆ ತವರಿನ ನೆನಪು ತಂದವು. ತವರೆಂದ ಮೇಲೆ ತವರಿನ ಹೂವು, ತವರಿನ ಹಣ್ಣು, ತವರಿನ ತರಕಾರಿ ಎಲ್ಲವೂ ಬೇಕು. ಅವು ಬೆಟ್ಟವೇರಿ ಬಂದವು. ಹೊಳೆಯ ಬದಿಯಲ್ಲಿ ಗಾಳದ ಕೋಲು ಹಿಡಿದು ನಿಂತವನಿಗೆ ತವರಿನ ಮೀನೂ ಬೇಕೆನಿಸಿತು. ಎತ್ತರದ ತೊರೆಗಳಲ್ಲಿದ್ದ ನಾಡಮೀನುಗಳು ಬಹುಮಟ್ಟಿಗೆ ಚಿಕ್ಕವು. ಅವನ ಕಣ್ಣಿಗೆ ಆ ನೀರು ಖಾಲಿಯಾಗಿಯೇ ಕಂಡಿತು.

ಆದರೆ ಟ್ರೌಟ್ ಮೀನನ್ನು ತರುವುದು ಗುಲಾಬಿಯ ಕಡ್ಡಿಯನ್ನು ತಂದಷ್ಟು ಸುಲಭವಲ್ಲ. ಹೆಣ್ಣುಮೀನು ಹರಿಯುವ ತಣ್ಣೀರಿನ ತಳದಲ್ಲಿ, ಬೆಣಚುಗಲ್ಲುಗಳ ನಡುವೆ, ಬಾಲದಿಂದ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಅಲ್ಲಿ ವಾರಗಟ್ಟಲೆ ಕಾವಿಲ್ಲದೆ, ಚಳಿಯಲ್ಲೇ ಬಲಿಯಬೇಕು. ನೀರು ಬೆಚ್ಚಗಾದರೆ ಅದರಲ್ಲಿ ಕರಗಿದ ಪ್ರಾಣವಾಯು ಕಡಿಮೆಯಾಗಿ ಮೊಟ್ಟೆ ಕೆಡುತ್ತದೆ. ಇಂಥ ಸುಕುಮಾರ ವಸ್ತುವನ್ನು ಉಷ್ಣವಲಯದ ಕಡಲು ದಾಟಿಸಿ ತರಬೇಕಿತ್ತು. ಮದರಾಸಿನಲ್ಲಿ ಸೈನ್ಯದ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1863ರಲ್ಲಿ ಪ್ರಯತ್ನಿಸಿ ಸೋತನು. ಮರುವರ್ಷವೇ, 1864ರಲ್ಲಿ, ಮಂಜುಗಡ್ಡೆ ಮತ್ತು ಪಾಚಿಯ ನಡುವೆ ಹುದುಗಿಸಿದ ಮೊಟ್ಟೆಗಳು ಇಂಗ್ಲೆಂಡಿನಿಂದ ಟಾಸ್ಮೇನಿಯಾ ದ್ವೀಪವನ್ನು ಜೀವಂತವಾಗಿ ತಲುಪಿ ಮರಿಯಾದವು. ಆ ಸುದ್ದಿ ಎಲ್ಲೆಡೆಯ ಗಾಳಗಾರರಿಗೂ ಆಸೆ ಹುಟ್ಟಿಸಿತು. ಉದಕಮಂಡಲದ ಸಸ್ಯೋದ್ಯಾನವನ್ನು ಕಟ್ಟಿ ಬೆಳೆಸಿದ ಮೆಕೈವರನೂ ಅದೇ ದಶಕದಲ್ಲಿ ಬಗೆಬಗೆಯ ವಿಲಾಯತಿ ಮೀನುಗಳನ್ನು ತಂದನು. ಕೆಲವು ಕೆರೆಯ ನೀರಿಗೆ ಒಗ್ಗಿದವು. ಟ್ರೌಟ್ ಮಾತ್ರ ನಿಲ್ಲಲಿಲ್ಲ.

ಹೀಗೆ ಕಾಯಿದೆ ಬಂದಾಗ, ಅದು ಮುಖ್ಯವಾಗಿ ಯಾರ ಸ್ವಾಗತಕ್ಕೆ ಸಿದ್ಧವಾಯಿತೋ ಆ ಅತಿಥಿಯೇ ಬಂದಿರಲಿಲ್ಲ. ಮದರಾಸು ಸರಕಾರದ ಮತ್ಸ್ಯತಜ್ಞನಾಗಿದ್ದ ಎಚ್. ಸಿ. ವಿಲ್ಸನ್ ಅವಲಾಂಚಿಯ ಕಣಿವೆಯಲ್ಲಿ 1907ರಲ್ಲಿ ಮೀನುಮರಿ ಕೇಂದ್ರವನ್ನು ತೆರೆದ ಮೇಲೆಯೇ ಕಥೆ ತಿರುಗಿದ್ದು. ಅವನು ನೆಚ್ಚಿದ್ದು ಇಂಗ್ಲೆಂಡಿನ ಕಂದು ಟ್ರೌಟನ್ನಲ್ಲ. ಉತ್ತರ ಅಮೆರಿಕದ ಪಶ್ಚಿಮ ತೀರದ, ಮೈಮೇಲೆ ಕೆಂಬಣ್ಣದ ಪಟ್ಟೆಯುಳ್ಳ ಕಾಮನಬಿಲ್ಲಿನ ಟ್ರೌಟನ್ನು. ಅದರ ಮೊಟ್ಟೆಗಳು ಸಿಂಹಳ, ಜರ್ಮನಿ, ನ್ಯೂಜಿಲೆಂಡುಗಳಿಂದ ಬಂದವು. ಆ ಮೂರು ನಾಡುಗಳಲ್ಲಿಯೂ ಅದು ನೆಂಟನೇ. ತವರಿನ ಮೀನು ಬೇಕೆಂದು ಹಂಬಲಿಸಿದವರಿಗೆ ಕೊನೆಗೆ ದಕ್ಕಿದ್ದು ಎಲ್ಲಿಯದೋ ಮೀನು. ಆದರೂ ಅವಲಾಂಚಿ, ಎಮರಾಲ್ಡ್, ಮುಕುರ್ತಿ, ಮೇಲ್ಭವಾನಿಗಳ ತೊರೆಗಳಲ್ಲಿ ಅದು ಮನೆ ಮಾಡಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ಈ ಮೀನಿನ ವಿಷಯದಲ್ಲಿ ಅಕ್ಷರಶಃ ನಿಜವಾಯಿತು.

ಇನ್ನು ನಿಯಮಗಳ ಮಾತು. ಟ್ರೌಟ್ ಇರುವ ನೀರಿನಲ್ಲಿ ಗಾಳ ಹಾಕಲು ಪರವಾನಗಿ ಬೇಕು. ಪರವಾನಗಿಗೆ ಹಣ ತೆರಬೇಕು. ಮೊಟ್ಟೆಯಿಡುವ ಕಾಲದಲ್ಲಿ ಹೊಳೆಗೆ ಇಳಿಯುವಂತಿಲ್ಲ. ಬಲೆ ಬೀಸುವಂತಿಲ್ಲ, ಕೋಲು ಮತ್ತು ಗಾಳ ಮಾತ್ರ, ಅದೂ ಅನೇಕ ಕಡೆ ಹಕ್ಕಿಯ ಗರಿ, ರೇಷ್ಮೆಯ ದಾರಗಳಿಂದ ಕಟ್ಟಿದ ಕೃತಕ ನೊಣವನ್ನು ಸಿಕ್ಕಿಸಿದ ಗಾಳ ಮಾತ್ರ. ಗೊತ್ತುಪಡಿಸಿದ ಅಳತೆಗಿಂತ ಚಿಕ್ಕ ಮೀನು ಸಿಕ್ಕಿದರೆ ನೀರಿಗೆ ಹಿಂತಿರುಗಿಸಬೇಕು. ಒಬ್ಬನು ಒಂದು ದಿನದಲ್ಲಿ ಹಿಡಿಯಬಹುದಾದ ಮೀನಿಗೂ ಲೆಕ್ಕವುಂಟು. ಟ್ರೌಟ್ ನೆಲೆಸಿದ ಎಡೆಗಳಲ್ಲೆಲ್ಲ ನಿಯಮಗಳ ಅಚ್ಚು ಹೆಚ್ಚುಕಡಿಮೆ ಇದೇ.

ನ್ಯಾಯವಾಗಿ ನೋಡಿದರೆ ಇವು ಒಳ್ಳೆಯ ನಿಯಮಗಳು. ಬಸುರಿಯನ್ನು ಕೊಲ್ಲಬಾರದು, ಮರಿಯನ್ನು ಬೆಳೆಯಗೊಡಬೇಕು, ಹೊಳೆ ಕೊಟ್ಟಷ್ಟೇ ತೆಗೆದುಕೊಳ್ಳಬೇಕು ಎಂಬ ವಿವೇಕ ಇವುಗಳ ಹಿಂದಿದೆ. ಚಿಕ್ಕ ಮೀನಿಗೆ ಒಂದೆರಡು ವರ್ಷದ ಆಯುಸ್ಸು ಕೊಟ್ಟರೆ ಅದು ಒಮ್ಮೆಯಾದರೂ ಮೊಟ್ಟೆಯಿಟ್ಟು ತನ್ನ ಋಣ ತೀರಿಸಿ ಹೋಗುತ್ತದೆ. ಲೋಕದ ಯಾವ ಮತ್ಸ್ಯಶಾಸ್ತ್ರಜ್ಞನೂ ಇದನ್ನು ಅಲ್ಲಗಳೆಯುವುದಿಲ್ಲ.

ಹಾಗಾದರೆ ತಪ್ಪೆಲ್ಲಿ ಎಂದು ಓದುಗರು ಕೇಳಬಹುದು. ತಪ್ಪು ನಿಯಮದಲ್ಲಿರಲಿಲ್ಲ, ಅದು ಯಾವ ಮೀನನ್ನು ಆರಿಸಿಕೊಂಡಿತೆಂಬುದರಲ್ಲಿತ್ತು. ಬೆಟ್ಟದ ತೊರೆಯಲ್ಲಿ ಕೆಲವರ ವಿನೋದಕ್ಕೆಂದು ಬಿಟ್ಟ ಮೀನಿಗೆ ಮರಿಕೇಂದ್ರ, ಪರವಾನಗಿ, ಕಾವಲು ಎಲ್ಲ ದೊರೆತವು. ಅದೇ ಹೊತ್ತಿನಲ್ಲಿ ಬಯಲಿನ ಹೊಳೆಗಳಲ್ಲಿ, ಲಕ್ಷಾಂತರ ಬಡವರ ಅನ್ನದ ಜೊತೆಗಿದ್ದ ಮೀನಿನ ಗತಿಯೇನು?

ಈ ಪ್ರಶ್ನೆಯನ್ನು ಆ ಕಾಲದ ಆಂಗ್ಲ ಅಧಿಕಾರಿಗಳಲ್ಲೇ ಕೆಲವರು ಕೇಳಿದ್ದರು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಆ ಜಿಲ್ಲೆಯ ಮತ್ಸ್ಯಸಂವರ್ಧನೆಯ ಬಗ್ಗೆ ವರದಿ ಬರೆದನು. ಇಂಡಿಯದಲ್ಲಿ ಗಾಳ ಹಾಕುವವರಿಗೆ ಕೈಪಿಡಿಯಾದ ಅವನ ಪುಸ್ತಕ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಿಂದಲೇ. ಮುಂಗಾರಿನ ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ಗದ್ದೆಯ ನೀರಿಗೆ ಹತ್ತುತ್ತದೆ. ಮಲೆನಾಡಿನವರು ಅದನ್ನು ಹತ್ತುಮೀನೆಂದು ಕರೆದು ಬಿದಿರಿನ ಕೂಣಿಯೊಡ್ಡಿ ಹಿಡಿಯುತ್ತಾರೆ. ಬೇಸಗೆಯಲ್ಲಿ ಹೊಳೆ ಬತ್ತಿ ಗುಂಡಿಗಳಷ್ಟೇ ಉಳಿದಾಗ ಕಾಕಮಾರಿಯ ಬೀಜವನ್ನೋ ಕಾರೆಕಾಯಿಯನ್ನೋ ಜಜ್ಜಿ ಕದಡಿದರೆ, ಇದ್ದಬದ್ದ ಮೀನೆಲ್ಲ ಮತ್ತೇರಿ ಹೊಟ್ಟೆ ಮೇಲಾಗಿ ತೇಲುತ್ತದೆ. ಬಲಿತದ್ದು ಬುಟ್ಟಿಗೆ, ಮರಿ ಮಣ್ಣಿಗೆ. ಹಿಂದೆ ಟ್ರೌಟ್ ತರಲು ಹೋಗಿ ಸೋತಿದ್ದ ಫ್ರಾನ್ಸಿಸ್ ಡೇ ಕೂಡ ಇಂಡಿಯದ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ 1873ರಲ್ಲಿ ದೊಡ್ಡ ವರದಿಯನ್ನು ಒಪ್ಪಿಸಿ, ವಿಷಕ್ಕೂ ಸಣ್ಣ ಕಣ್ಣಿನ ಬಲೆಗೂ ಕಡಿವಾಣ ಬೇಕೆಂದು ವಾದಿಸಿದನು.

ಆ ವಾದಕ್ಕೆ ಕಾಯಿದೆಯ ರೂಪ ಬರಲು 24 ವರ್ಷ ಹಿಡಿಯಿತು. 1897ರ ಇಂಡಿಯದ ಮೀನುಗಾರಿಕೆ ಕಾಯಿದೆ ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಎಸೆಯುವುದನ್ನೂ ಅಪರಾಧವೆಂದು ಸಾರಿತು. ಎರಡು ತಿಂಗಳವರೆಗಿನ ಸೆರೆವಾಸ ಅಥವಾ 200 ರೂಪಾಯಿವರೆಗಿನ ದಂಡವನ್ನು ಗೊತ್ತುಮಾಡಿತು. ಬಲೆಯ ಕಣ್ಣಿನ ಅಳತೆ, ಹೊಳೆಗೆ ಅಡ್ಡಲಾಗಿ ಕಟ್ಟುವ ಒಡ್ಡು, ನೆಟ್ಟ ಬೋನುಗಳು, ಎರಡು ವರ್ಷ ಮೀರದ ನಿಷೇಧ, ಇವನ್ನೆಲ್ಲ ಪ್ರಾಂತ ಸರಕಾರಗಳ ಇಚ್ಛೆಗೆ ಬಿಟ್ಟಿತು. ಖಾಸಗಿ ನೀರಿಗೆ ಆ ನಿಯಮಗಳನ್ನು ಅನ್ವಯಿಸಲು ಒಡೆಯನ ಲಿಖಿತ ಒಪ್ಪಿಗೆ ಬೇಕೆಂದೂ ಹೇಳಿತು. ನೀಲಗಿರಿಯ ಅತಿಥಿಗೆ ಬರುವ ಮೊದಲೇ ಕಾಯಿದೆ ಕಾದಿತ್ತು; ಮನೆಯ ಮೀನಿಗೆ ಕಾಯಿದೆ ತಡವಾಗಿ ಬಂತು, ಬಂದದ್ದೂ ಅರೆಮನಸ್ಸಿನಿಂದ ಬಂತು. ಕಾವಲುಗಾರನಿಲ್ಲದ ಕಾಯಿದೆ ಕಾಗದದ ಬೇಲಿ. ಅದು ಹುಟ್ಟಿ 99 ವರ್ಷಗಳಾದ ಮೇಲೆ, 1996ರಲ್ಲಿ, ದಕ್ಷಿಣ ಕನ್ನಡದ ಶಿಶಿಲದ ಕಪಿಲಾ ನದಿಯಲ್ಲಿ ದೇವಾಲಯದ ಮುಂದೆ ಭಕ್ತರ ಕೈಯಿಂದ ಅಕ್ಕಿ ತಿಂದು ಬೆಳೆದಿದ್ದ ದೇವರಮೀನುಗಳು ಯಾರೋ ಹಾಕಿದ ವಿಷಕ್ಕೆ ರಾಶಿರಾಶಿಯಾಗಿ ಸತ್ತವು. ಪರವಾನಗಿ, ದಂಡ, ಅಳತೆಗಳ ಹಂಗಿಲ್ಲದೆ, ಬರಿಯ ಭಕ್ತಿಯೊಂದೇ ಅಷ್ಟು ಕಾಲ ಅವುಗಳನ್ನು ಕಾಯ್ದಿತ್ತು.

ಬೆಟ್ಟದ ಅತಿಥಿಯ ಮುಂದಿನ ಕಥೆ ಎಡೆಗೊಂದು ಬಗೆಯಾಯಿತು. 1960ರ ದಶಕದಲ್ಲಿ ಕುಂದಾ ವಿದ್ಯುತ್ ಯೋಜನೆಯ ಅಣೆಕಟ್ಟುಗಳು ಎದ್ದು, ನೀಲಗಿರಿಯ ಎಷ್ಟೋ ತೊರೆಗಳು ಸರೋವರಗಳಾದವು. ಮುಕುರ್ತಿ 1982ರಲ್ಲಿ ಅಭಯಾರಣ್ಯವೂ 1990ರಲ್ಲಿ ರಾಷ್ಟ್ರೀಯ ಉದ್ಯಾನವೂ ಆಯಿತು. ಕೀಟ, ಗೊದಮೊಟ್ಟೆ, ಚಿಕ್ಕ ಮೀನು ಯಾವುದನ್ನೂ ಬಿಡದೆ ನುಂಗುವ ಈ ಟ್ರೌಟ್, ಜಗತ್ತಿನ ಅತ್ಯಂತ ಹಾನಿಕರವಾದ 100 ಪರದೇಶಿ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇಂದು ಸೇರಿದೆ. ಒಂದು ಕಾಲಕ್ಕೆ ಕಾಯಿದೆಯ ಮುದ್ದಿನ ಕೂಸಾಗಿದ್ದದ್ದು ಈಗ ಆರೋಪಿ. ಕಾಶ್ಮೀರದಲ್ಲಿ ಹಾಗಲ್ಲ. ಅಲ್ಲಿಗೆ 1899ರಲ್ಲಿ ಬೆಡ್‌ಫರ್ಡಿನ ಡ್ಯೂಕ್ ಕಳುಹಿಸಿದ ಮೊಟ್ಟೆಗಳು ದಾರಿಯಲ್ಲೇ ಕೆಟ್ಟರೂ, 1900ರಲ್ಲಿ ಬಂದ ಕಂದು ಟ್ರೌಟ್ ಉಳಿದುಕೊಂಡಿತು. ಇಂದಿಗೂ ಅಲ್ಲಿನ ಹೊಳೆಗಳನ್ನು ಭಾಗಭಾಗವಾಗಿ ವಿಂಗಡಿಸಿ ಗಾಳಗಾರರಿಗೆ ಪರವಾನಗಿ ಕೊಡುತ್ತಾರೆ. ಜೊತೆಗೆ, ಅನೇಕ ಕುಟುಂಬಗಳು ಕಾಲುವೆಯಂಥ ತೊಟ್ಟಿಗಳಲ್ಲಿ ಟ್ರೌಟ್ ಸಾಕಿ ಜೀವನ ಮಾಡುತ್ತಿವೆ. ದೊರೆಗಳ ಆಟದ ಮೀನು ರೈತನ ಬದುಕಿನ ಮೀನಾಗಿದೆ. ನೆಂಟ ಒಂದು ಮನೆಯಲ್ಲಿ ಮನೆಮಗನಾದ, ಇನ್ನೊಂದರಲ್ಲಿ ಮನೆಗೆ ಮಾರಿಯಾದ.

ಈ ಕಥೆಯ ಬಿಸಿ ಕನ್ನಡನಾಡಿಗೂ ತಟ್ಟಿದೆ. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಪ್ರಾಣಿ ಮತ್ತು ಮತ್ಸ್ಯ ಸಂರಕ್ಷಣೆಯ ಶಾಸನ ಮಾಡಿತ್ತು. ಮೈಸೂರಿನ ನೀರಿನಲ್ಲಿ ಟ್ರೌಟಿಗೆ ತಲೆಬಾಗದ ಮೀನೊಂದಿತ್ತು: ಕಾವೇರಿ ಕಪಿಲೆಗಳ ಗೂನುಬೆನ್ನಿನ ಮಹಸೀರ್. 1946ರಲ್ಲಿ ಕಬಿನಿಯಲ್ಲಿ ಫಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಸಿಕ್ಕಿದ ಒಂದು ಮೀನು 120 ಪೌಂಡು ತೂಗಿತು. ಇಂಥ ಮೀನಿಗೆ ಅವಲಾಂಚಿಯಂಥ ಮರಿಕೇಂದ್ರ ಅದರದೇ ಹೆಸರಿನಲ್ಲಿ ಹುಟ್ಟಲಿಲ್ಲ. 1970ರ ದಶಕದಲ್ಲಿ, ಕಾವೇರಿಯಲ್ಲಿ ಮಹಸೀರ್ ಕಡಿಮೆಯಾಗುತ್ತಿದೆಯೆಂದು ಕಳವಳಗೊಂಡವರು ಸದುದ್ದೇಶದಿಂದಲೇ ಲೋಣಾವಳಾದಲ್ಲಿ ಮರಿಮಾಡಿದ ಮಹಸೀರನ್ನು ತಂದು ಬಿಟ್ಟರು. ಹೆಸರು ಮಹಸೀರೇ, ಆದರೆ ಜಾತಿ ಬೇರೆ: ನೀಲಿ ರೆಕ್ಕೆಯದು. ಹೊಸದು ಹೆಚ್ಚಿತು, ಗೂನುಬೆನ್ನಿನದು ಕರಗುತ್ತ ಹೋಯಿತು. ಅದರ ಶಾಸ್ತ್ರೀಯ ನಾಮ ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಆ ಹೊತ್ತಿಗೆ ಅದು ಅಳಿವಿನ ಅಂಚಿನ ಕಟ್ಟಕಡೆಯ ಮೆಟ್ಟಿಲಿನಲ್ಲಿ ನಿಂತಿತ್ತು. ಹೆಸರಿಡುವ ಶಾಸ್ತ್ರವೂ ತಿಥಿಯ ಭೀತಿಯೂ ಒಟ್ಟಿಗೆ ಬಂದವು.

ನೀಲಗಿರಿಯ ಅಧಿಕಾರಿಗಳು ದುಷ್ಟರಲ್ಲ. ಕಾವೇರಿಗೆ ಮರಿ ಬಿಟ್ಟವರೂ ದುಷ್ಟರಲ್ಲ. ಇಬ್ಬರೂ ನೀರನ್ನು ಪ್ರೀತಿಸಿದವರೇ. ಆದರೆ ಹೊಳೆಯಲ್ಲಿ ಮೀನಿದ್ದರಾಯಿತು, ಅದು ಯಾವ ಮೀನಾದರೇನು ಎಂಬ ಭಾವನೆ ಇಬ್ಬರನ್ನೂ ದಾರಿ ತಪ್ಪಿಸಿತು. ಕಾಯಿದೆಗೆ ಬೇಕಾದ ವಿವೇಕವೆಲ್ಲ 1879ರಲ್ಲಿಯೇ ಇತ್ತು: ಕಾಲ ನೋಡು, ಅಳತೆ ನೋಡು, ಮಿತಿ ನೋಡು. ಈ ಮೂರಕ್ಕೂ ಮೊದಲು ಮತ್ತೊಂದನ್ನು ನೋಡಬೇಕಿತ್ತು: ಮನೆಯಲ್ಲಿ ಈಗಾಗಲೇ ಎಲೆಯ ಮುಂದೆ ಕುಳಿತಿರುವವರು ಯಾರು? ಅವರನ್ನು ಎಬ್ಬಿಸಿ ಹಾಕಿದ ಪಂಕ್ತಿ ಎಷ್ಟು ಸೊಗಸಾಗಿದ್ದರೂ ಆತಿಥ್ಯವೆನಿಸುವುದಿಲ್ಲ.